ಬಾಲದ ಏಳು

ಕಂತು ಆರು

ಹತ್ತನೆಯ ಚೀಟಿ ಆರಕ್ಕೆ ಮುಗಿದಿತ್ತು.

ಮೆಹನಾಜ ಅದನ್ನು ಚಾಪೆಯ ಮೇಲೆ ಇಟ್ಟಳು. ಮತ್ತೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಉರ್ದು ಅಂಕಿಗಳು. ಹದಿನೈದು. ಕೊನೆಯದು ಆರೇ.

"ಯಾಕ್ ಬೇಟಿ, ಸುಮ್ಮನಾಗಿಬಿಟ್ಟಿ?" ಒಲೆಯ ಮುಂದಿನಿಂದ ಶರೀಫಾಬಿ ಕೇಳಿದಳು.

"ಏನಿಲ್ಲ ಖಾಲಾ. ಎಣಿಸಾಕತ್ತೇನಿ."

"ಹದಿನೈದು ಅದಾವ ನೋಡು. ನಾನೂ ಬೆರಳಿಟ್ಟು ಎಣಿಸೇನಿ. ನಿನ್ನೆ ಹದಿನಾರು ಇದ್ದವು. ನಾಳೆ ಹದಿನಾಕು."

ಶರೀಫಾಬಿಯ ಎರಡೂ ಕಣ್ಣಿಗೆ ಮೋತಿಬಿಂದುವಿನ ಪೊರೆ. ಚೀಟಿಯ ಮೇಲಿನ ಅಂಕಿಗಳು ಅವಳಿಗೆ ಇರುವೆಗಳ ಸಾಲಿನಂತೆ ಕಾಣುತ್ತಿದ್ದವು. ಎಷ್ಟು ಇರುವೆ ಎಂದು ಎಣಿಸಬಲ್ಲಳು. ಯಾವುದು ಯಾವ ಇರುವೆ ಎಂದು ಹೇಳಲಾರಳು.

ಅವಳ ಗಂಡ, ಗಣಿತದ ಮಾಸ್ತರ ಲಾಡ್ಲೆಸಾಬ, ಆಳಂದದ ಈ ಮನೆಯಿಂದ ಕಾಣೆಯಾಗಿ ಇವತ್ತಿಗೆ ಹನ್ನೊಂದನೆಯ ದಿನ. ನಾಡಿದ್ದು ಬುಧವಾರ ಅವರು ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಿತ್ತು.

ಎರಡು ವರ್ಷದ ಹಿಂದೆ ಭೂಸನೂರ ರಸ್ತೆಯಲ್ಲಿ ಒಂದು ಕಬ್ಬಿನ ಟ್ರ್ಯಾಕ್ಟರ್ ಮೂವರು ಕೂಲಿ ಹೆಂಗಸರ ಮೇಲೆ ಹಾಯ್ದು ನಿಲ್ಲದೆ ಹೋಗಿತ್ತು. ಹಿಂದಿನ ಜೀಪಿನಲ್ಲಿ ಮಾಸ್ತರರು ಕೂತಿದ್ದರು. ಟ್ರ್ಯಾಕ್ಟರಿನ ನಂಬರು ನೋಡಿದ್ದು ಅವರೊಬ್ಬರೇ. ೯೧೩೭. ಅದು ಜೇವರ್ಗಿಯ ದೇವೀಂದ್ರಪ್ಪನ ಟ್ರ್ಯಾಕ್ಟರ್. ಕಬ್ಬು ಸಾಗಿಸುವ ಗುತ್ತಿಗೆ ಅವನದು, ಎದುರು ಮಾತಾಡುವವರು ಕಡಿಮೆ.

ಮಾಸ್ತರರು ಮಾತಾಡುತ್ತೇನೆ ಎಂದಿದ್ದರು. ಆಮೇಲೆ ಕಾಣೆಯಾದರು.

ಮರುದಿನ, ಶನಿವಾರ, ಮೊದಲ ಚೀಟಿ ಬಂತು. ತಂದುಕೊಟ್ಟವರು ಮಾಸ್ತರರ ಹಳೆಯ ಗೆಳೆಯ ಗುರುಶಾಂತ ಸರ್. ಅಫಜಲಪುರದಿಂದ ಬರುವ ಜಮೀರನ ಬಾಡಿಗೆ ಜೀಪು ಕ್ರೂಸರಿನಲ್ಲಿ ತಮ್ಮ ಹೆಸರಿಗೆ ಒಂದು ಲಕೋಟೆ ಬಂತು, ಒಳಗೆ ಇದಿತ್ತು ಎಂದರು. ಆವತ್ತು ಅದನ್ನು ಶರೀಫಾಬಿಗೆ ಓದಿ ಹೇಳಿದ್ದು ಮೆಹನಾಜಳೇ. ಮೇಲೆ ಇಪ್ಪತ್ತನಾಲ್ಕು ಅಂಕಿ. ಕೆಳಗೆ ಮಾಸ್ತರರ ಕೈಬರಹದ ಒಂದು ಸಾಲು ಉರ್ದು: ಕ್ಷೇಮವಾಗಿದ್ದೇನೆ, ದಿನಕ್ಕೊಂದು ತಲೆ ಕಡಿದು ಕಳಿಸುತ್ತೇನೆ, ಯಾರಿಗೂ ಹೇಳಬೇಡಿ.

ಮರುದಿನ ಬೆಳಿಗ್ಗೆ ಮೆಹನಾಜ ಜೇವರ್ಗಿಗೆ ಹೋದಳು. ಅಲ್ಲೊಂದು ಮದುವೆ ಮನೆಯ ಬಟ್ಟೆ ಹೊಲಿಯುವುದಿತ್ತು. ತಿರುಗಿ ಬಂದದ್ದು ಇವತ್ತು ಬೆಳಿಗ್ಗೆ. ಉಳಿದ ಒಂಬತ್ತು ಚೀಟಿಗಳನ್ನು ಅವಳು ನೋಡುತ್ತಿರುವುದು ಇದೇ ಮೊದಲು.

ನೋಡಿದ ಮೊದಲನೆಯದೇ ಆರಕ್ಕೆ ಮುಗಿದಿತ್ತು.

ಆ ಸಂಖ್ಯೆ ಯಾವತ್ತೂ ಆರಕ್ಕೆ ಮುಗಿಯುವಂತಿಲ್ಲ.

ಮೆಹನಾಜ ಶಾಲೆ ಬಿಟ್ಟದ್ದು ಎಂಟನೆಯ ಇಯತ್ತೆಗೆ. ಅಮ್ಮ ಹಾಸಿಗೆ ಹಿಡಿದಾಗ ಹೊಲಿಗೆ ಯಂತ್ರದ ಮುಂದೆ ಯಾರಾದರೂ ಕೂರಬೇಕಿತ್ತು. ಪಕ್ಕದ ಮನೆಯ ಮಾಸ್ತರರು ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಸಂಜೆ ತಮ್ಮ ಕಟ್ಟೆಯ ಮೇಲೆ ಒಂದು ಪಾಟಿ ಇಟ್ಟುಕೊಂಡು ಕೂರುತ್ತಿದ್ದರು. ಅವಳು ಗುಂಡಿ ಹಚ್ಚುತ್ತ ಈ ಕಡೆ ಕೂರುತ್ತಿದ್ದಳು. ಅವಳಿಗೆ ಮಾತು ಕಡಿಮೆ. ಅವರಿಗೆ ಅದು ಸಾಕಾಗಿತ್ತು.

ಆ ಪಾಟಿಯ ಮೇಲೆ ಒಂದು ದಿನ ಅವರು ಈ ಸಂಖ್ಯೆ ಬರೆದರು.

೩೫೭೬೮೬ ೩೧೨೬೪೬ ೨೧೬೫೬೭ ೬೨೯೧೩೭.

"ಇದನ್ನ ಯಾವ ಸಂಖ್ಯೆಯಿಂದ ಭಾಗಿಸಿದ್ರೂ ಶೇಷ ಉಳಿತದ. ಒಂದು ಬಿಟ್ರೆ, ಇದನ್ನ ಬಿಟ್ರೆ. ಅವಿಭಾಜ್ಯ ಅಂತಾರ ನಿಮ್ಮ ಕನ್ನಡ ಸಾಲ್ಯಾಗ. ಅಂಥವು ಬಾಳ ಅದಾವ. ಆದ್ರ ಇದು ಬ್ಯಾರೆ ಜಾತಿದು. ಇದರ ತಲಿ ಕಡಿ."

ಅವರು ಎಡಗಡೆಯ ಮೂರನ್ನು ಬೆರಳಿನಿಂದ ಒರೆಸಿದರು.

"ಉಳಿದಿದ್ದೂ ಒಡೆಯಂಗಿಲ್ಲ. ಮತ್ತ ಕಡಿ." ಐದನ್ನು ಒರೆಸಿದರು. "ಇದೂ ಒಡೆಯಂಗಿಲ್ಲ. ಹಿಂಗ ಕಡಕೋಂತ ಹೋಗು. ಇಪ್ಪತ್ತಮೂರು ಸಲ ಕಡಿ. ಪ್ರತಿಸಲ ಜೀವ ಉಳಿತದ. ಕೊನೀಗೆ ಏಳು. ಏಳೂ ಒಡೆಯಂಗಿಲ್ಲ. ಸರ್ ಕಾಟೋ, ಜಾನ್ ಬಾಕಿ."

ತಲೆ ಕಡಿ, ಜೀವ ಬಾಕಿ. ಆ ಮಾತು ಅವರ ಬಾಯಲ್ಲಿ ದಿನವೂ ಇರುತ್ತಿತ್ತು. ಕಟ್ಟೆಗೆ ಚಹಾ ಕುಡಿಯಲು ಬರುತ್ತಿದ್ದ ಗುರುಶಾಂತ ಸರ್ ಅದನ್ನು ಕೇಳಿ ನಗುತ್ತಿದ್ದರು. "ಸರ್ ಕಾಟೋ ಅಂತೀಯಲ್ಲೋ ಮಾರಾಯ, ಈ ಓಣ್ಯಾಗ ಸರ್ ಅಂದ್ರ ನಾನೊಬ್ಬನೇ ಅದೇನಿ!"

ಇದಕ್ಕಿಂತ ದೊಡ್ಡದು ಈ ಜಾತಿಯಲ್ಲಿ ಇಲ್ಲ ಎಂದೂ ಮಾಸ್ತರರು ಹೇಳಿದ್ದರು. ಇದರ ಎಡಕ್ಕೆ ಒಂದರಿಂದ ಒಂಬತ್ತರವರೆಗೆ ಯಾವ ಅಂಕಿ ಇಟ್ಟರೂ ಒಡೆದು ಹೋಗುತ್ತದೆ. ಇಡೀ ಸಂಖ್ಯೆಯನ್ನು ಅವರು ಎಲ್ಲೋ ಓದಿ ಕಲಿತದ್ದು. ಬಾಲದ ೬೨೯೧೩೭ ಮಾತ್ರ ತಾವೇ ಕೈಯಿಂದ ಪರೀಕ್ಷಿಸಿದ್ದರು, ಎಂಟುನೂರರ ಒಳಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಿ. ಮೆಹನಾಜಳಿಗೆ ೯೧೩೭ ಕೊಟ್ಟಿದ್ದರು. ಇಪ್ಪತ್ತನಾಲ್ಕು ಭಾಗಾಕಾರ. ಎರಡು ಸಂಜೆ ಹಿಡಿಯಿತು. ಒಂದೂ ಹೋಗಲಿಲ್ಲ.

ಟ್ರ್ಯಾಕ್ಟರಿನ ನಂಬರು ಅವರಿಗೆ ಮರೆಯದೆ ಉಳಿದದ್ದು ಇದಕ್ಕೇ. ಎರಡು ವರ್ಷದ ಹಿಂದಿನ ನಂಬರು ಹೇಗೆ ನೆನಪು ಎಂದು ವಕೀಲ ಕೇಳಿದರೆ ಕೋರ್ಟಿನಲ್ಲಿ ಪಾಟಿ ಬೇಡಿ ಬರೆದು ತೋರಿಸುತ್ತೇನೆ ಎಂದಿದ್ದರು.

ತಲೆ ಕಡಿಯುವ ಸಂಖ್ಯೆ. ತಲೆ ಹೋಗುತ್ತದೆ, ಬಾಲ ಹೋಗುವುದಿಲ್ಲ. ದಿನಕ್ಕೊಂದು ಕಡಿದರೆ ಹತ್ತನೆಯ ದಿನವೂ ಚೀಟಿ ಏಳಕ್ಕೇ ಮುಗಿಯಬೇಕು.

ಮೆಹನಾಜ ಹತ್ತೂ ಚೀಟಿಗಳನ್ನು ಒಂದರ ಕೆಳಗೊಂದು ಜೋಡಿಸಿದಳು.

ಹತ್ತೂ ಚೀಟಿ ಮೂರರಿಂದ ಶುರುವಾಗಿದ್ದವು.

ತಲೆ ಇದ್ದಲ್ಲೇ ಇತ್ತು. ಎರಡನೆಯ ಚೀಟಿಯಲ್ಲಿ ಬಾಲದ ಏಳು ಇರಲಿಲ್ಲ. ಮೂರನೆಯದರಲ್ಲಿ ಅದರ ಹಿಂದಿನ ೩ ಕೂಡ ಇರಲಿಲ್ಲ. ನಾಲ್ಕನೆಯದರಲ್ಲಿ ಅದಕ್ಕೂ ಹಿಂದಿನ ೧ ಕೂಡ ಇರಲಿಲ್ಲ. ಯಾರೋ ಬಾಲದ ಕಡೆಯಿಂದ ತಿನ್ನುತ್ತ ಬಂದಿದ್ದರು.

ಆದರೂ ಒಂದು ಸಲ ನೋಡಿದ್ದನ್ನು ನಂಬುವ ಅಭ್ಯಾಸ ಅವಳಿಗಿರಲಿಲ್ಲ. ಬಟ್ಟೆಗೆ ಕತ್ತರಿ ಇಡುವ ಮುಂಚೆ ಎರಡು ಸಲ ಅಳೆಯಬೇಕು. ಎರಡನೆಯ ಚೀಟಿಯ ಅಂಕಿಗಳನ್ನು ಬೆರಳಿನ ಗೆಣ್ಣುಗಳ ಮೇಲೆ ಕೂಡಿಸಿದಳು. ಮೂರು, ಎಂಟು, ಹದಿನೈದು, ಇಪ್ಪತ್ತೊಂದು... ಕೊನೆಗೆ ನೂರ ಐದು.

ಮೂರು ಮೂವತ್ತೈದಲೆ ನೂರ ಐದು. ಅಂಕಿಗಳ ಮೊತ್ತ ಮೂರರಿಂದ ಹೋದರೆ ಸಂಖ್ಯೆಯೂ ಮೂರರಿಂದ ಹೋಗುತ್ತದೆ. ಇದು ಐದನೆಯ ಇಯತ್ತೆಯ ಲೆಕ್ಕ.

ಮೊದಲ ಚೀಟಿಯನ್ನು ಕೂಡಿಸಿದಳು. ನೂರ ಹನ್ನೆರಡು. ಹೋಗುವುದಿಲ್ಲ. ಅದರ ತಲೆಯ ಮೂರನ್ನು ಕಳೆದರೆ ನೂರ ಒಂಬತ್ತು. ಅದೂ ಹೋಗುವುದಿಲ್ಲ.

ಎರಡನೆಯ ದಿನವೇ ಸಂಖ್ಯೆ ಒಡೆದಿತ್ತು. ಮೂವತ್ತು ವರ್ಷ ಆ ಸಂಖ್ಯೆಯ ಜೊತೆ ಬದುಕಿದವರ ಕೈ ಹೀಗೆ ಬರೆಯುವುದು ಸಾಧ್ಯವೇ ಇರಲಿಲ್ಲ.

ಆದರೆ ಕೆಳಗಿನ ಉರ್ದು ಸಾಲು? ಅದು ಮಾಸ್ತರರ ಅಕ್ಷರವೇ. ಮೆಹನಾಜ ಎರಡನೆಯ ಚೀಟಿಯನ್ನು ಮೊದಲನೆಯದರ ಮೇಲಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಕಸೂತಿಯ ಹೂವನ್ನು ಒಂದು ಕಾಗದದಿಂದ ಇನ್ನೊಂದಕ್ಕೆ ಇಳಿಸುವಾಗ ಅವಳು ಮಾಡುವುದು ಹೀಗೇ.

ಸಾಲು ಸಾಲಿನ ಮೇಲೆ ಕೂತಿತು. ಚುಕ್ಕೆ ಚುಕ್ಕೆಯ ಮೇಲೆ. ಪೆನ್ನು ತಡೆದು ಮಸಿ ಮೂಡಿದ್ದ ಜಾಗ ಕೂಡ ಒಂದೇ. ಮೂರನೆಯದನ್ನು ಇಟ್ಟಳು. ಕೂತಿತು. ಐದನೆಯದು. ಹತ್ತನೆಯದು.

ಯಾವ ಮನುಷ್ಯನೂ ಒಂದೇ ಸಾಲನ್ನು ಎರಡು ಸಲ ಹೀಗೆ ಬರೆಯಲಾರ. ಒಂದೇ ಅಳತೆಯ ಎರಡು ರವಿಕೆ ಕೂಡ ಹೀಗೆ ಕೂಡುವುದಿಲ್ಲ.

ಮೊದಲನೆಯದು ಮಾತ್ರ ಮಾಸ್ತರರದು. ಉಳಿದ ಒಂಬತ್ತು, ಅದನ್ನು ಕೆಳಗಿಟ್ಟು ಇಳಿಸಿಕೊಂಡದ್ದು.

"ಎಲ್ಲಾ ಬರಾಬ್ಬರಿ ಅದಾವೇನು?" ಶರೀಫಾಬಿ ಸೆರಗಿಗೆ ಕೈ ಒರೆಸುತ್ತ ಕೇಳಿದಳು.

"ಹೌ ಖಾಲಾ."

"ಮುಕ್ರಮ ಏನಾದ್ರೂ ಮಾಡ್ಯಾನಂತ ಓಣಿಯವ್ರು ಆಡಾಕತ್ತಾರ. ನನ್ನ ಮುಂದೇ ಆಡ್ತಾರ. ಉರ್ದುದಾಗ ಬರಿಯವ್ರು ಇನ್ಯಾರ ಅದಾರ, ಮಾವನ್ನ ಅವನೇ ಅಡಗಿಸಿಟ್ಟಾನ ಅಂತಾರ."

ಮುಕ್ರಮ ಮಾಸ್ತರರ ತಂಗಿಯ ಮಗ. ಜೇವರ್ಗಿಯಲ್ಲಿ ದೇವೀಂದ್ರಪ್ಪನ ಆಫೀಸಿನಲ್ಲೇ ಕಾರಕೂನ. ಸಾಕ್ಷಿ ಹೇಳಬೇಡಿ ಎಂದು ಮಾವನ ಕಾಲು ಹಿಡಿದಿದ್ದ. ಮಾವ ಬಾಗಿಲು ತೋರಿಸಿದ್ದರು. ಮೆಹನಾಜಳಿಗೂ ಇವತ್ತು ಬೆಳಿಗ್ಗೆಯವರೆಗೆ ಅವನ ಮೇಲೇ ಅನುಮಾನ.

ಈಗ ಇರಲಿಲ್ಲ.

ಅವಳು ಎದ್ದು ಬಸ್ ನಿಲ್ದಾಣದ ಕಡೆ ನಡೆದಳು. ಜಮೀರ ಕ್ರೂಸರಿನ ಬಾನೆಟ್ಟಿಗೆ ಒರಗಿ "ಅಫಜಲಪುರ, ಅಫಜಲಪುರ" ಎಂದು ಕೂಗುತ್ತಿದ್ದ. ಗಂಡಸರ ನಡುವೆ ಹೋಗಿ ನಿಂತು ಮಾತಾಡಿಸುವುದು ಅವಳಿಗೆ ಕಷ್ಟ. ಜನ ತುಂಬಿ ಅವನು ಬೀಡಿ ಹಚ್ಚುವವರೆಗೆ ಹಣ್ಣಿನ ಗಾಡಿಯ ಹಿಂದೆ ಕಾದಳು.

"ಜಮೀರ ಭಾಯಿ, ಗುರುಶಾಂತ ಸರ್‌ಗೆ ಲಕೋಟಿ ತರ್ತೀರಲ್ಲ, ಇವತ್ತೂ ತಂದಿದ್ರೇನು?"

"ಇವತ್ತಾ? ನಾ ತಂದಿದ್ದು ಎರಡೇ ಸಲ. ಶನಿವಾರ ಒಂದು, ಐತವಾರ ಒಂದು. ಅದೂ ಹೋದ ವಾರದ ಹಿಂದಿನ ಮಾತು. ಅಫಜಲಪುರ ಸ್ಟ್ಯಾಂಡಿನ್ಯಾಗ ಟೊಪ್ಪಿಗಿ ಹಾಕ್ಕೊಂಡವ ಒಬ್ಬ ಕೊಟ್ಟಿದ್ದ. ಯಾಕ ಬೇ, ನಿನಗೇನ್ ಬಂದದ ಅದರಾಗ?"

"ಏನಿಲ್ರಿ."

ಎರಡು ಲಕೋಟೆ. ಮನೆಗೆ ಮುಟ್ಟಿದ ಚೀಟಿ ಹತ್ತು. ಅದರಲ್ಲಿ ಮಾಸ್ತರರದು ಒಂದೇ ಒಂದು.

ಹಾಗಾದರೆ ಭಾನುವಾರ ಬಂದ ಇನ್ನೊಂದು ಎಲ್ಲಿ?

*

'ಶರ್ಟು ಹೊಲಿಯುವುದಿದೆ, ಬರ್ರಿ' ಎಂದು ಮೆಹನಾಜ ಹೇಳಿಕಳಿಸಿದ್ದಕ್ಕೆ ಗುರುಶಾಂತ ಸರ್ ಮಧ್ಯಾಹ್ನ ಮೂರಕ್ಕೆ ಬಂದರು. ತಲೆಯ ಮೇಲೆ ಟವೆಲ್ಲು, ಕಾಲಲ್ಲಿ ಸವೆದ ಚಪ್ಪಲಿ. ಕನ್ನಡ ಶಾಲೆಯಲ್ಲಿ ಚಿತ್ರಕಲೆಯ ಮಾಸ್ತರರಾಗಿದ್ದು ಹೋದ ವರ್ಷ ನಿವೃತ್ತಿಯಾದವರು. ಉರ್ದು ಶಾಲೆಯೂ ಕನ್ನಡ ಶಾಲೆಯೂ ಒಂದೇ ಕಂಪೌಂಡಿನಲ್ಲಿದ್ದವು. ಮೂವತ್ತು ವರ್ಷ ಅವರೂ ಲಾಡ್ಲೆಸಾಬರೂ ಒಂದೇ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದ್ದರು.

ಮೆಹನಾಜಳ ಹೊಲಿಗೆಯ ಕೋಣೆಗೂ ಶರೀಫಾಬಿಯ ಪಡಸಾಲೆಗೂ ನಡುವೆ ಒಂದೇ ಗೋಡೆ. ಆ ಕಡೆ ಶರೀಫಾಬಿ ಜೋಳ ಕೇರುತ್ತಿದ್ದಳು. ಮೊರದ ಸದ್ದು ಒಂದೇ ಸಮ ಬರುತ್ತಿತ್ತು.

"ದೀಪಾವಳಿಗೆ ಕೊಡ್ತೇನಿ ಅಂದಿದ್ದಿ. ಇಷ್ಟು ಲಗೂ ಹೊಲಿಯಾಕ ಕುಂತೇನ ಬೇ?"

"ಹೌದ್ರಿ ಸರ್. ಕೂಡ್ರಿ. ನನ್ನ ಕೈ ಸೂಜಿ ಮ್ಯಾಲ ಅದ, ಆ ಅಳತಿ ಪುಸ್ತಕ ಒಂದೀಟು ನೋಡ್ರಿ. ಮೂರನೇ ಸಾಲು. ನಿಮ್ಮ ಎದಿ ಎಷ್ಟು ಬರದೇನಿ ಓದ್ರಿ."

ಗುರುಶಾಂತ ಸರ್ ಪುಸ್ತಕ ತೆಗೆದು ಕಣ್ಣಿನ ಹತ್ತಿರ ಹಿಡಿದರು. "ಉರ್ದುದಾಗ ಬರದೀಯಲ್ಲ ಇದನ್ನ."

"ಅಮ್ಮ ಕಲಿಸಿದ್ದೇ ಹಾಂಗ್ರಿ. ಅಂಕಿ ನಿಮಗ ಬರ್ತಾವಲ್ರಿ, ಮಾಸ್ತರ ಕಲಿಸಿದ್ರಲ್ಲ."

"ಬರ್ತಾವ ಬರ್ತಾವ. ಬಿಡತೇನೇನು?" ಅವರು ಬೆರಳಿಟ್ಟರು. "ಇದು ಒಂದು. ಇದು ನಾಕು. ಹದಿನಾಕು."

"ಹದಿನಾಕು ಇಂಚಿನ ಎದಿ ಹುಂಜಕ್ಕಿರ್ತದ್ರಿ ಸರ್."

ಅವರು ಜೋರಾಗಿ ನಕ್ಕರು. "ಪೆನ್ಶನ್ನಿನ ಮ್ಯಾಲ ಬಂದ ಮ್ಯಾಲ ಅಷ್ಟೇ ಉಳದದ ನೋಡು!"

ಮೆಹನಾಜ ನಗಲಿಲ್ಲ. ಸೂಜಿಯನ್ನು ದಿಂಬಿಗೆ ಚುಚ್ಚಿ ಇಟ್ಟಳು.

"ಅದು ನಲವತ್ತೊಂದು. ನೀವು ಬಲಕಿಂದ ಓದಿದ್ರಿ."

"ಉರ್ದು ಬಲಕಿಂದೇ ಅಲ್ಲೇನು ಓದೋದು?"

"ಅಕ್ಷರ ಬಲಕಿಂದ. ಅಂಕಿ ಎಡಕಿಂದ್ರಿ. ಕನ್ನಡದಾಗ ಹ್ಯಾಂಗೋ ಹಾಂಗೇ."

ಗುರುಶಾಂತ ಸರ್ ಪುಸ್ತಕ ಕೆಳಗಿಟ್ಟರು. ಮುಖದಲ್ಲಿ ನಗು ಇನ್ನೂ ಇತ್ತು, ಆದರೆ ಅದನ್ನು ತೆಗೆಯಲು ಮರೆತವರ ಹಾಗೆ ಕೂತಿದ್ದರು.

"ಉರ್ದು ಬಾರದವ್ರು ಎಲ್ಲಾರೂ ಈ ತಪ್ಪು ಮಾಡ್ತಾರ," ಅಂದಳು ಮೆಹನಾಜ. ಇಷ್ಟು ಉದ್ದದ ಮಾತನ್ನು ಅವಳು ಅವರೊಡನೆ ಯಾವತ್ತೂ ಆಡಿರಲಿಲ್ಲ. "ತಲಿ ಕಡಿ ಅಂದ್ರ ಅವ್ರಿಗೆ ತಲಿ ಬಲಗಡಿ ಕಾಣ್ತದ. ಬಲಗಡಿ ಇರೋದು ಬಾಲ್ರಿ ಸರ್. ಎಡಗಡಿ ತಲಿ."

ಅವಳು ಹತ್ತು ಚೀಟಿಗಳನ್ನು ಯಂತ್ರದ ಮೇಜಿನ ಮೇಲೆ ಹರಡಿದಳು.

"ಮುಕ್ರಮ ಬರದಿರಬೇಕು ಇವನ್ನ," ಅಂದರು ಗುರುಶಾಂತ ಸರ್. ಬೇಗ ಅಂದರು.

"ಮುಕ್ರಮ ಉರ್ದು ಓದ್ಯಾನ್ರಿ. ಅದಕ್ಕೇ ಇದು ಅಂವಂದಲ್ಲ."

ಆ ಕಡೆ ಮೊರದ ಸದ್ದು ನಡೆದಿತ್ತು.

"ಇದನ್ನ ಬರದವ್ರಿಗೆ ತಲಿ ಕಡಿಯೋ ಆಟ ಗೊತ್ತದ. ಉರ್ದು ಗೊತ್ತಿಲ್ಲ. ನೋಡಿ ಇಳಿಸಿಕೊಳ್ಳೋ ಕೈ ಅದ, ಚಿತ್ರ ಬರಿಯೋ ಕೈ. ಮತ್ತ ಜಮೀರ ಎರಡೇ ಲಕೋಟಿ ತಂದಾನ." ಅವಳು ದನಿ ತಗ್ಗಿಸಿದಳು. "ಮಾಸ್ತರ ಎಲ್ಲದಾರ್ರಿ ಸರ್?"

"ಮೆಹನಾಜ, ನೀ ಏನ್ ಮಾತಾಡಾಕತ್ತಿ..."

"ದೇವೀಂದ್ರಪ್ಪ ನಿಮಗ ಏನಂದಾನ?"

"ಥೂ!" ಅವರು ಎದ್ದು ನಿಂತರು. ಟವೆಲ್ಲು ಕೆಳಗೆ ಬಿತ್ತು. "ಯಾರ ಹೆಸರು ತಗೀತಿ ನೀ? ಲಾಡ್ಲೆ ನನಗ ಏನಾಗಬೇಕು ಗೊತ್ತದೇನು ನಿನಗ? ನನ್ನ ಮಗಳ ಲಗ್ನದಾಗ ಅಕ್ಕಿ ಕಾಳು ಹಾಕಿದ ಕೈ ಅದು!"

"ಸಣ್ಣಕ ಮಾತಾಡ್ರಿ. ಖಾಲಾ ಕೇಳ್ತಾಳ."

ಅವರು ಗೋಡೆಯ ಕಡೆ ನೋಡಿದರು. ಹಾಗೇ ಕೂತುಬಿಟ್ಟರು.

"ನಾನೇ ಬರದೀನಿ," ಅಂದರು.

ಮೆಹನಾಜ ಕಾದಳು. ಕಾಯುವುದು ಅವಳಿಗೆ ಗೊತ್ತಿತ್ತು.

"ಎರಡನೇ ದಿನದ ಲಕೋಟಿ ಬಂತು. ಒಡದೆ. ಅದರಾಗ... ಅದನ್ನ ನಾ ಭಾಭಿಗೆ ಹ್ಯಾಂಗ ತೋರಿಸ್ಲಿ? ಮೊದಲೇ ಆಕಿಗೆ ಎದಿ ಬ್ಯಾನಿ. ಹಿಂದಿನ ದಿನ ಇಪ್ಪತ್ತನಾಕು ಅಂಕಿ ನೋಡಿ ಆಕಿ ಹೆಂಗ ಆಗಿದ್ಲು ನೀನೇ ನೋಡಿದ್ದಿ. ಇಪ್ಪತ್ತನಾಕು ದಿನದಾಗ ಬರ್ತಾರ ಅಂತ ಬೆರಳು ಮಡಚಿ ಕುಂತಿದ್ಲು. ಇದನ್ನ ನೋಡಿದ್ರ ಅಲ್ಲೇ ಹೋಗಿಬಿಡ್ತಿದ್ಲು. ನಾಳೆ ಹೇಳೋಣು ಅಂತ ಒಂದು ದಿನದ ಮಟ್ಟಿಗೆ ಬರದೆ. ಮೂರನೇ ದಿನ ಬಾಗಲಿಗೆ ಬಂದಾಗ ಆಕಿ ಚಹಾ ಮಾಡಿಟ್ಟಿದ್ಲು. 'ಬಂತೇನ್ರಿ ಭಾಯಿ?' ಅಂದ್ಲು. ನಾ ಮತ್ತ ಬರದೆ."

"ಆಮ್ಯಾಲ ಒಂದೂ ಬರಲಿಲ್ಲೇನು?"

"ಇಲ್ಲ. ದಿನಾ ಜಮೀರನ್ನ ಕೇಳಿದೆ. ಒಂದೂ ಇಲ್ಲ."

"ಎಂಟು ದಿನ್ರಿ ಸರ್."

"ಗೊತ್ತದ ನನಗ!"

ಮೆಹನಾಜ ಕೈ ಚಾಚಿದಳು. ಗುರುಶಾಂತ ಸರ್ ಅಂಗಿಯ ಒಳಜೇಬಿನಿಂದ ಪಾಕೀಟು ತೆಗೆದರು. ಮಗಳ ಫೋಟೋದ ಹಿಂದೆ ನಾಲ್ಕು ಮಡಿಕೆಯ ಒಂದು ಕಾಗದವಿತ್ತು. ದಿನವೂ ತೆಗೆದು ನೋಡಿ ಮಡಚಿದ್ದರಿಂದ ಮಡಿಕೆಗಳಲ್ಲಿ ತೂತು ಬಿದ್ದಿತ್ತು.

ಅವಳು ಬಿಡಿಸಿದಳು.

ಇಪ್ಪತ್ತಮೂರು ಅಂಕಿ ಇರಬೇಕಿದ್ದ ಜಾಗದಲ್ಲಿ ಒಂದೇ ಅಂಕಿ ಇತ್ತು. ದೊಡ್ಡದಾಗಿ, ಒತ್ತಿ ಬರೆದದ್ದು.

ಏಳು.

"ನನಗೂ ಅಷ್ಟು ತಿಳಿತದ," ಗುರುಶಾಂತ ಸರ್ ಪಿಸುಗುಟ್ಟಿದರು. "ಇಪ್ಪತ್ತನಾಕರಿಂದ ಒಮ್ಮೆಲೇ ಒಂದಕ್ಕ ಬಂದಾನ. ಎಲ್ಲಾ ತಲಿ ಒಂದೇ ದಿನ ಹೋದ್ವು. ಮುಗೀತು ಅಂತ ಹೇಳ್ಯಾನ ಮಾರಾಯ. ನಾ ಮುಗದೆ ಅಂತ. ಹೆಂಡ್ತಿಗೆ ಇದನ್ನ ಕೊಡಬೇಕಿತ್ತೇನು ನಾನು?"

ಮೆಹನಾಜಳ ಕಣ್ಣು ಅಂಕಿಯ ಮೇಲಿರಲಿಲ್ಲ. ಅದರ ಕೆಳಗಿನ ಉರ್ದು ಸಾಲಿನ ಮೇಲಿತ್ತು.

"ಇದನ್ನ ಯಾರ ಕಡಿಂದರೆ ಓದಿಸಿದ್ರೇನ್ರಿ?"

"ಏನ್ ಓದಿಸೋದು? ಮೊದಲನೇ ಚೀಟ್ಯಾಗ ಇದ್ದ ಸಾಲೇ ಅಲ್ಲೇನು? ಕ್ಷೇಮ ಅದೇನಿ, ಯಾರಿಗೂ ಹೇಳಬ್ಯಾಡ್ರಿ..."

"ಅಲ್ರಿ."

"ಅಂದ್ರ?"

"ಬ್ಯಾರೆ ಸಾಲದ."

ಗುರುಶಾಂತ ಸರ್ ಕಾಗದದ ಮೇಲೆ ಬಗ್ಗಿದರು. ಮೊದಲ ಚೀಟಿಯನ್ನೂ ಇದನ್ನೂ ಪಕ್ಕದಲ್ಲಿಟ್ಟು ನೋಡಿದರು. ಒಂಬತ್ತು ಸಲ ಆ ಅಕ್ಷರಗಳ ಒಂದೊಂದು ಕೊಂಕನ್ನೂ ತಿದ್ದಿ ಬರೆದ ಕಣ್ಣು ಅದು. ಮೊದಲನೆಯದನ್ನು ಬಿಟ್ಟು ಇದನ್ನು ಒಂದು ಸಲವೂ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಏಳನ್ನು ನೋಡಿದ ಮೇಲೆ ಕೆಳಗೆ ಇಳಿಯುವ ಧೈರ್ಯವೇ ಬಂದಿರಲಿಲ್ಲ.

ಮನೆಯವರು ಪೊಲೀಸರ ಹತ್ತಿರ ಹೋಗದಿರಲಿ ಎಂದು ಚೀಟಿ ಕಳಿಸಲು ಬಿಟ್ಟವರಿಗೂ ಉರ್ದು ಬರುತ್ತಿರಲಿಲ್ಲ. ನಿನ್ನೆಯ ಸಾಲೇ ಇದು ಎಂದುಕೊಂಡು ಅವರೂ ಲಕೋಟೆ ಮುಚ್ಚಿದ್ದರು. ಮಾಸ್ತರರು ನಂಬಿದ್ದು ಅದನ್ನೇ. ಆಳಂದದಲ್ಲಿ ಓದಬಲ್ಲವರು ಇದ್ದಾರೆ ಎಂಬುದನ್ನೂ ನಂಬಿದ್ದರು.

"ಏನದ?" ಸರ್ ಕೇಳಿದರು. "ಏನ್ ಬರದಾನ? ಓದು ಬೇ!"

ಮೆಹನಾಜ ಮೊದಲು ಇದ್ದ ಹಾಗೇ ಓದಿದಳು.

"ಸೊನ್ನ ಕೆ ಊಪರ್, ನದೀ ಕಿನಾರೆ, ಬಂದ್ ಪಡೀ ಸೋ ಜಾಕ್‌ವೆಲ್. ಗೇಟ್ ಗಿರ್‌ನೆ ಕೆ ಪೈಲೆ ಆವ್."

ಆಮೇಲೆ ಕನ್ನಡದಲ್ಲಿ ಹೇಳಿದಳು. "ಸೊನ್ನದ ಮ್ಯಾಲ, ಹೊಳಿ ದಂಡಿಗೆ ಬಂದ್ ಬಿದ್ದಿರೋ ಜಾಕ್‌ವೆಲ್‌ನ್ಯಾಗ ಅದಾರ. ಗೇಟ್ ಇಳಿಸೋಕಿಂತ ಮೊದಲ ಬರ್ರಿ ಅಂದಾರ."

ಜಾಕ್‌ವೆಲ್ ಎಂದರೆ ಹೊಳೆಯ ನೀರು ಎತ್ತಲು ದಂಡೆಯಲ್ಲಿ ಕಟ್ಟಿದ ಬಾವಿಯ ಮನೆ. ಕೆಳಗೆ ಬಾವಿ, ಮೇಲೆ ಪಂಪಿನ ಕೋಣೆ. ಸೊನ್ನ ಊರಿನ ಹತ್ತಿರದ ಬ್ಯಾರೇಜಿನ ಗೇಟು ಇಳಿಸಿದರೆ ಭೀಮೆ ಹಿಂದಕ್ಕೆ ತುಂಬುತ್ತ ಬರುತ್ತದೆ. ತಗ್ಗಿನಲ್ಲಿರುವ ಕಟ್ಟಡ ಮೊದಲು ಮುಳುಗುತ್ತದೆ.

ಏಳು ಎಂದರೆ ಮುಗಿದೆ ಎಂದಲ್ಲ. ದಿನಕ್ಕೊಂದು ಎಣಿಸುತ್ತ ಕೂರಬೇಡಿ, ಅಷ್ಟು ದಿನ ಇಲ್ಲ ಎಂದು. ಮಾಸ್ತರರು ಉಳಿದ ದಿನಗಳನ್ನೆಲ್ಲ ಕಡಿದು ಕಳಿಸಿದ್ದರು.

"ಸರ್, ಗೇಟ್ ಯಾವಾಗ ಇಳಿಸ್ತಾರ್ರಿ?"

ಗುರುಶಾಂತ ಸರ್ ಕೆಳಗೆ ಬಿದ್ದಿದ್ದ ಟವೆಲ್ಲು ಎತ್ತಿಕೊಂಡರು.

"ನಿಮ್ಮ ಭಾವನ ಹೊಲ ಆ ಕಡೇನೇ ಅದ ಅಂತಿದ್ರಿ. ಯಾವಾಗ ಇಳಿಸ್ತಾರ?"

"ಇಳಿಸ್ಯಾರ. ಭಾವ ಫೋನ್ ಮಾಡಿದ್ದ. ಈ ಸಲ ನೀರು ಚಲೋ ಅದ, ಹೊಲದ ಬದುವಿನ ತನಕ ಬಂದದ ಅಂತ ಖುಷಿಲೇ ಹೇಳಿದ. ಶುಕ್ರವಾರ ಮುಂಜಾನಿ ಇಳಿಸ್ಯಾರ."

ಇವತ್ತು ಸೋಮವಾರ.

ಮೆಹನಾಜ ಎದ್ದಳು. ಜಮೀರನ ಗಾಡಿ, ಪೊಲೀಸ್ ಠಾಣೆ, ಯಾವುದು ಮೊದಲು ಎಂದು ಯೋಚಿಸುತ್ತ ಚಪ್ಪಲಿಗಾಗಿ ತಡಕಾಡಿದಳು. ಆಗ ಅವಳಿಗೆ ಅನ್ನಿಸಿತು, ಗೋಡೆಯ ಆ ಕಡೆ ಏನೂ ಸದ್ದಿಲ್ಲ.

ಶರೀಫಾಬಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಇನ್ನೂ ಮೊರ. ಜೋಳದ ಹೊಟ್ಟು ಸೆರಗಿನ ಮೇಲೆಲ್ಲ ಬಿದ್ದಿತ್ತು.

"ಶುಕ್ರವಾರ ಏನ್ ಇಳಿಸ್ಯಾರ?" ಕೇಳಿದಳು.

"ಭಾಭಿ, ಕೂಡ್ರಿ ಒಂದೀಟು..." ಗುರುಶಾಂತ ಸರ್ ಎದ್ದರು.

"ಏನ್ ಇಳಿಸ್ಯಾರ ಅಂತ ಕೇಳಾಕತ್ತೇನಿ."

"ನೀರಿನ ಗೇಟ್ ಖಾಲಾ," ಅಂದಳು ಮೆಹನಾಜ. "ಸೊನ್ನದಾಗ."

ಶರೀಫಾಬಿ ಮೊರವನ್ನು ಹೊಸ್ತಿಲ ಮೇಲೆ ಇಟ್ಟಳು. ಬಹಳ ನಿಧಾನವಾಗಿ ಇಟ್ಟಳು, ಒಂದು ಕಾಳೂ ಚೆಲ್ಲದ ಹಾಗೆ.

"ಶುಕ್ರವಾರ ಅವ್ರ ಫೋನ್ ಬಂದಿತ್ತು."

ಮೆಹನಾಜ ಚಪ್ಪಲಿ ಹುಡುಕುವುದನ್ನು ಬಿಟ್ಟಳು.

"ಜುಮ್ಮಾ ನಮಾಜಿನ ಹೊತ್ತಿಗೆ. ಯಾವುದೋ ನಂಬರಿನಿಂದ. ಪಕ್ಕದಾಗ ಯಾರೋ ಇದ್ರು, ಕೆಮ್ಮಿದಂಗಾತು. ಯಾರಿಗೂ ಹೇಳಬ್ಯಾಡ ಅಂದ್ರು, ಅದಕ್ಕ ನಾ ನಿಮಗೂ ಹೇಳಲಿಲ್ಲ ಭಾಯಿ. 'ಚೀಟಿ ಮುಟ್ಯಾದೇನು?' ಅಂತ ಕೇಳಿದ್ರು."

"ನೀವೇನಂದ್ರಿ ಖಾಲಾ?"

"ಮುಟ್ಯಾವ ಅಂದೆ. ದಿನಾ ಮುಟ್ಟಾಕತ್ತಾವ, ಇವತ್ತು ಏಳನೇದು ಬಂತು, ಬರಾಬ್ಬರಿ ಎಣಿಸೇನಿ ಅಂದೆ. ನಾವು ಆರಾಮ ಅದೇವಿ, ಯಾರಿಗೂ ಹೇಳಿಲ್ಲ, ನಿಮ್ಮ ಕೆಲಸ ಮುಗಿಸಿಕೊಂಡು ಸಾವಕಾಶ ಬರ್ರಿ ಅಂದೆ. ಅವ್ರಿಗೆ ಚಿಂತಿ ಆಗಬಾರದಲ್ಲ."

"ಅವ್ರು ಏನಂದ್ರು?" ಮೆಹನಾಜ ಕೇಳಿದಳು.

"ಬಾಳ ಹೊತ್ತು ಮಾತಾಡಲಿಲ್ಲ. ಲೈನ್ ಕಟ್ಟಾತೇನೋ ಅಂದ್ಕೊಂಡೆ. ಹಿಂದ ನೀರು ಬೀಳೋ ಸಪ್ಪಳ ಕೇಳಾಕತ್ತಿತ್ತು, ಅದಕ್ಕ ಇನ್ನೂ ಅದಾರ ಅಂತ ತಿಳೀತು. ಆಮ್ಯಾಲ 'ದಿನಾ?' ಅಂದ್ರು. ಹೌದ್ರಿ, ದಿನಾ ಅಂದೆ."

ಅವಳು ಮಬ್ಬು ಕಣ್ಣುಗಳನ್ನು ಮೇಜಿನ ಮೇಲಿನ ಚೀಟಿಗಳ ಕಡೆ ತಿರುಗಿಸಿದಳು.

"'ಹಂಗಾದ್ರ ನಾಳಿಂದ ಎಣಿಸಬ್ಯಾಡ ಶರೀಫಾ' ಅಂದ್ರು. ನಾಳೆ ಮನೀಗೆ ಬರ್ತಾರ, ಅದಕ್ಕ ಹಂಗಂದ್ರು ಅಂತ ನಾ ತಿಳಕೊಂಡೆ. ಮರುದಿನ ಮತ್ತ ಚೀಟೀನೇ ಬಂತು, ಎಣಿಸಿದೆ."